ಇಳಿಜಾರಿನ ಅಳತೆ ನೋಡದೆ ಡ್ರಾಯಿಂಗಿಗೆ ಸಹಿ ಹಾಕಬೇಡಿ

ಪುತ್ತೂರಿನ ಸಮೀಪ 24 ಮೀಟರ್ ಉದ್ದ, 12 ಮೀಟರ್ ಅಗಲದ ಅಡಿಕೆ ಗೋದಾಮಿಗೆ ಉಕ್ಕಿನ ಚಾವಣಿ ಹಾಕಿಸುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೆ. ಇಪ್ಪತ್ತು ವರ್ಷಗಳಿಂದ ಸಿವಿಲ್ ಗುತ್ತಿಗೆ ಮಾಡುತ್ತಿರುವವನು ಹೀಗೆ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಶಾಪ್ ಡ್ರಾಯಿಂಗ್ (ಉಕ್ಕಿನ ತುಂಡುಗಳನ್ನು ಕತ್ತರಿಸಿ ಜೋಡಿಸಲು ಬೇಕಾದ ಅಳತೆಯ ನಕ್ಷೆ) ಮಾಡುವವರೊಬ್ಬರು ಉಳಿದವರ ಅರ್ಧ ದರಕ್ಕೆ, ನಾಲ್ಕೇ ದಿನದಲ್ಲಿ ಮಾಡಿಕೊಡುತ್ತೇನೆಂದರು. ಮಾಡಿಯೂ ಕೊಟ್ಟರು. ಕಂಪ್ಯೂಟರಿನಲ್ಲಿ ತಿರುಗುವ ಬಣ್ಣದ ಚಿತ್ರಕ್ಕೆ ಮರುಳಾಗಿ ನಾನು ಸಹಿ ಹಾಕಿದೆ.

ಟ್ರಸ್ಸಿನ, ಅಂದರೆ ಚಾವಣಿ ಹೊರುವ ತ್ರಿಕೋನ ಚೌಕಟ್ಟಿನ, ಅರ್ಧ ಅಗಲ 6 ಮೀಟರ್, ಸೂರಿನಿಂದ ನೆತ್ತಿಗೆ ಎತ್ತರ 2 ಮೀಟರ್. ಹಾಗಿದ್ದರೆ ಇಳಿಜಾರಿನ ಉದ್ದ 6325 ಮಿ.ಮೀ. ಎಂಬುದು ಹೈಸ್ಕೂಲಿನ ಲೆಕ್ಕ. ಫ್ಯಾಬ್ರಿಕೇಷನ್ ಶೆಡ್ಡಿನವರು ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಗೀಟು ಹಾಕಿ ಜೋಡಿಸಿದ್ದರಿಂದ ಟ್ರಸ್ ಸರಿಯಾಗಿಯೇ ಬಂತು. ಆದರೆ ಶೀಟು ಕೂರುವ ಅಡ್ಡಪಟ್ಟಿಗಳನ್ನು (ಪರ್ಲಿನ್) ಹಿಡಿಯುವ ಕ್ಲೀಟುಗಳನ್ನು ಅವರು ಡ್ರಾಯಿಂಗಿನಲ್ಲಿದ್ದಂತೆ ಸೂರಿನಿಂದ 1200 ಮಿ.ಮೀ. ಅಂತರದಲ್ಲಿ ಬೆಸೆದಿದ್ದರು; ಐದು ಅಂತರಗಳು 6000ಕ್ಕೇ ಮುಗಿದವು. ಮೇಲೆ ಹತ್ತಿದ ಮೇಸ್ತ್ರಿ, “ಸಾರ್, ನೆತ್ತಿಯ ಹತ್ತಿರ ಒಂದಡಿ ಖಾಲಿ ಉಂಟು, ಶೀಟೂ ಮುಟ್ಟುವುದಿಲ್ಲ” ಎಂದು ಕೂಗಿದಾಗ ಗೋದಾಮಿನ ಮಾಲೀಕರು ನನ್ನ ಪಕ್ಕದಲ್ಲೇ ನಿಂತಿದ್ದರು. ಸೂರಿನ ಹೊರಚಾಚು ಸೇರಿ 6625 ಇರಬೇಕಿದ್ದ ಶೀಟುಗಳು, ಡ್ರಾಯಿಂಗಿನ ಪಟ್ಟಿಯಂತೆ 6300ಕ್ಕೆ ಕತ್ತರಿಸಿ ಬಂದು, ಐವತ್ತೂ ಅಂಗಳದಲ್ಲಿ ಬಿದ್ದಿದ್ದವು. ಅಳತೆಗೆ ಕತ್ತರಿಸಿದ ಶೀಟನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ? ಡ್ರಾಯಿಂಗಿನಲ್ಲಿ ಇಳಿಜಾರಿನ ಚಾವಣಿಗೆ ನೆಲದ ಅಳತೆ ಹಾಕಿದ್ದರು, ಅಷ್ಟೇ. ಅಷ್ಟನ್ನು ನಾನೂ ನೋಡಲಿಲ್ಲ.

ಡ್ರಾಯಿಂಗಿನವರಿಗೆ ಫೋನ್ ಮಾಡಿದರೆ ಮೊದಲ ಉತ್ತರ, “ಸೈಟಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳಿ ಸಾರ್.” 325 ಮಿ.ಮೀ.ಯನ್ನು ಹೇಗೆ ಅಡ್ಜಸ್ಟ್ ಮಾಡುವುದೆಂದು ಕೇಳಿದ್ದಕ್ಕೆ, “ಪ್ಲಾನಿನಲ್ಲಿ 6000 ಇದೆಯಲ್ಲ, ನಾನು ಅದನ್ನೇ ಹಾಕಿದ್ದೇನೆ” ಎಂದರು. ಕೊನೆಗೆ, “ಸಹಿ ಹಾಕಿದವರು ನೀವೇ ಅಲ್ಲವೇ?” ಆ ಮಾತು ನಿಜವಾದ್ದರಿಂದಲೇ ಇನ್ನೂ ಉರಿಯುತ್ತಿದೆ.

ಆ ರಾತ್ರಿ ಕುಳಿತು ಉಳಿದ ಹಾಳೆಗಳನ್ನು ನೋಡಿದೆ. ಬ್ರೇಸಿಂಗಿನ, ಅಂದರೆ ಚೌಕಟ್ಟು ಅಲುಗದಂತೆ ಕಟ್ಟುವ ಓರೆ ಸರಳುಗಳ, ತುದಿಯನ್ನು ಬೋಲ್ಟಿನಿಂದ ಹಿಡಿಯುವ ಗಸೆಟ್ ಪ್ಲೇಟುಗಳಲ್ಲಿ 16 ಮಿ.ಮೀ. ಬೋಲ್ಟಿನ 18 ಮಿ.ಮೀ. ತೂತಿನ ನಡುವಿನಿಂದ ಪ್ಲೇಟಿನ ಅಂಚಿಗೆ ಬಿಟ್ಟದ್ದು ಬರೀ 20 ಮಿ.ಮೀ. ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 800:2007ರ ಪ್ರಕಾರ ಯಂತ್ರದಿಂದ ಗ್ಯಾಸ್ ಕಟ್ಟಿಂಗ್ ಮಾಡಿದ ಅಂಚಿಗೆ ತೂತಿನ ವ್ಯಾಸದ ಒಂದೂವರೆ ಪಟ್ಟು, ಅಂದರೆ 27 ಮಿ.ಮೀ. ಬೇಕು, ನಮ್ಮಲ್ಲಿಯಂತೆ ಕೈಯಿಂದ ಗ್ಯಾಸ್ ಕಟ್ಟಿಂಗ್ ಮಾಡಿದರೆ 1.7 ಪಟ್ಟು, ಸುಮಾರು 31 ಮಿ.ಮೀ. ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: “ಪ್ಲೇಟ್ ಸಣ್ಣದಾದರೆ ತೂಕ ನಿಮಗೇ ಉಳಿಯಿತಲ್ಲ ಸಾರ್!” ಗಾಳಿಮಳೆಗೆ ಅಂಚು ಹರಿದರೆ ಉತ್ತರ ಕೊಡಬೇಕಾದವನು ನಾನು.

ಕ್ಲೀಟುಗಳನ್ನು ಕತ್ತರಿಸಿ ಮತ್ತೆ ಬೆಸೆಸಿದೆ, ಗಸೆಟ್ ಹೊಸದಾಗಿ ಮಾಡಿಸಿದೆ, ಶೀಟು ಹೊಸದಾಗಿ ತರಿಸಿದೆ. ಎಲ್ಲವೂ ನನ್ನ ಕೈಯ ಹಣದಿಂದಲೇ. ನೀವಾದರೂ ಶೀಟಿನ ಆರ್ಡರ್ ಕೊಡುವ ಮೊದಲು, ನಿಂತ ಟ್ರಸ್ಸಿನ ಇಳಿಜಾರಿಗೆ ಟೇಪ್ ಹಿಡಿದು ಡ್ರಾಯಿಂಗಿನ ಅಂಕಿಯೊಡನೆ ಹೋಲಿಸಿ, ಗಸೆಟಿನ ಅಂಚನ್ನೂ ಅಳೆಯಿರಿ, ಚಾವಣಿ ಕೂರುವವರೆಗೆ ಡ್ರಾಯಿಂಗಿನವರಿಗೆ ಪೂರ್ತಿ ಹಣ ಕೊಡಬೇಡಿ. ನಾನು ಮುಕ್ಕಾಲು ಪಾಲು ಮೊದಲೇ ಕೊಟ್ಟುಬಿಟ್ಟಿದ್ದೆ. ಉಳಿದ ಕಾಲುಪಾಲು ಕೇಳಿ ಅವರು ನಿನ್ನೆಯೂ ಸಂದೇಶ ಕಳುಹಿಸಿದ್ದಾರೆ.