ಕ್ರೂಸ್ ಹಡಗಿನ ಊಟ: ದುಡ್ಡು ಕೊಟ್ಟು ಕೊಂಡ ಪ್ಯಾಕೇಜಾ, ಟಿಕೆಟ್ಟಿನಲ್ಲೇ ಬರುವ ಡೈನಿಂಗ್ ರೂಮಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೈನಿಂಗ್ ರೂಮಿಗೆ. ದಿನಾ ಅದೇ ಟೇಬಲ್ಲು, ಅದೇ ಹೊತ್ತು, ಅದೇ ವೇಟರ್ ಇರುವ ಹಳೇ ಪದ್ಧತಿಗೆ. ಆದರೆ ಇದು ನನಗೆ ಗೊತ್ತಾಗಿದ್ದು ಡೈನಿಂಗ್ ಪ್ಯಾಕೇಜ್ ಕೊಂಡು ಕೈ ಸುಟ್ಟುಕೊಂಡ ಮೇಲೆ.

ನಾವು ಎರಡು ಸಲ ಕ್ರೂಸ್‌ಗೆ ಹೋಗಿದ್ದೇವೆ. ಎರಡೂ ಏಳು ರಾತ್ರಿಯ ಪ್ರಯಾಣ. ಹಡಗು ಬೇರೆ ಬೇರೆ, ಹೋದವರು ಅವರೇ: ನಾನು, ನಮ್ಮನೆಯವರು, ಹದಿಮೂರು ವರ್ಷದ ಮಗಳು. ಮೊದಲ ಸಲ ಮೂರು ರಾತ್ರಿಯ ಪ್ಯಾಕೇಜ್ ಕೊಂಡು ಉಳಿದ ನಾಲ್ಕು ರಾತ್ರಿ ಬಫೆಯಲ್ಲಿ ಕಳೆದೆವು. ಎರಡನೇ ಸಲ ಏಳೂ ರಾತ್ರಿ ಡೈನಿಂಗ್ ರೂಮ್.

ಹೊಸಬರಿಗೆ ಒಂದು ಮಾತು. ಟಿಕೆಟ್ಟಿನ ದುಡ್ಡಿನಲ್ಲೇ ಮೂರು ಹೊತ್ತಿನ ಊಟವೂ ಬರುತ್ತದೆ. ದೊಡ್ಡ ಡೈನಿಂಗ್ ರೂಮ್, ಮೇಲಿನ ಡೆಕ್ಕಿನ ಬಫೆ, ಪಿಜ್ಜಾ ಬರ್ಗರ್ ಕೊಡುವ ಒಂದೆರಡು ಕೌಂಟರ್, ಎಲ್ಲವೂ ಅದರಲ್ಲೇ. ಸ್ಟೀಕ್‌ಹೌಸ್, ಸುಶಿ, ಇಟಾಲಿಯನ್ ಅಂತ ಬೋರ್ಡು ಹಾಕಿರುವ ಸ್ಪೆಷಾಲಿಟಿ ರೆಸ್ಟೋರೆಂಟುಗಳಿಗೆ ಮಾತ್ರ ಬೇರೆ ದುಡ್ಡು. ಅಂಥ ಕಡೆ ಮೂರು ಊಟವನ್ನೋ ಐದು ಊಟವನ್ನೋ ಒಟ್ಟಿಗೆ ಮಾರಿದರೆ ಅದೇ ಡೈನಿಂಗ್ ಪ್ಯಾಕೇಜ್.

ನಾನು ಅದನ್ನು ಯಾಕೆ ಕೊಂಡೆ? ಭಯಕ್ಕೆ. ಬಿಟ್ಟಿ ಊಟ ಅಂದರೆ ಸಪ್ಪೆಯೇ ಇರಬೇಕು ಅನ್ನೋ ಭಯ. ಟಿಕೆಟ್ ಆದ ದಿನದಿಂದ ಈಮೇಲ್ ಮೇಲೆ ಈಮೇಲ್. ಈ ವಾರ ಮಾತ್ರ ಕಡಿಮೆ ಬೆಲೆ, ಇವತ್ತೇ ಕೊನೆ ದಿನ ಅಂತ. ಕೊನೆ ದಿನ ಅಂದಿದ್ದಕ್ಕೆ ಗಾಬರಿಯಲ್ಲಿ ಕೊಂಡೆ. ಮುಂದಿನ ವಾರವೂ ಅದೇ ಬೆಲೆಗೆ ಇತ್ತು, ಆ ಮಾತು ಬೇರೆ.

ಈಗ ತಲೆನೋವಿನ ವಿಷಯಕ್ಕೆ ಬರುತ್ತೇನೆ. ನಾನು ದುಡ್ಡು ಕೊಟ್ಟಿದ್ದು ಮೂರು ಊಟಕ್ಕೆ. ಆದರೆ ಯಾವ ದಿನ, ಎಷ್ಟು ಗಂಟೆಗೆ ಅನ್ನೋದು ಅದರಲ್ಲಿ ಇರಲಿಲ್ಲ. ಹಡಗು ಹತ್ತಿದ ಮೇಲೆ ಬುಕ್ ಮಾಡಿಕೊಳ್ಳಿ ಅಂತ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇತ್ತಂತೆ. ನಾನು ಓದಿರಲಿಲ್ಲ.

ಹಡಗು ಹತ್ತಿದ ದಿನ ಹೇಗಿರುತ್ತದೆ ಗೊತ್ತಾ? ಕ್ಯಾಬಿನ್ ಇನ್ನೂ ತಯಾರಾಗಿರುವುದಿಲ್ಲ. ದೊಡ್ಡ ಸೂಟ್‌ಕೇಸು ಸಂಜೆವರೆಗೂ ಕೈಗೆ ಸಿಗುವುದಿಲ್ಲ. ಮಗಳಿಗೆ ಹಸಿವು. ನಾವು ಮೊದಲು ಬಫೆಗೆ ಓಡಿದೆವು, ಅಲ್ಲಿ ಜಾತ್ರೆ. ಊಟ ಮುಗಿಸಿ, ಹಡಗು ಸುತ್ತಿ, ರೆಸ್ಟೋರೆಂಟ್ ಬುಕಿಂಗ್ ಕೌಂಟರಿಗೆ ಬಂದಾಗ ಮೂರು ಗಂಟೆ. ಮುಂದೆ ನಲವತ್ತು ಜನರ ಸಾಲು.

ನಮ್ಮ ಸರದಿ ಬಂದಾಗ ಕೌಂಟರಿನ ಹುಡುಗಿ ಟ್ಯಾಬ್ಲೆಟ್ಟನ್ನು ನನ್ನ ಕಡೆ ತಿರುಗಿಸಿದಳು. ಇಡೀ ವಾರದ ಪಟ್ಟಿ. ಆರರಿಂದ ಎಂಟೂವರೆವರೆಗಿನ ಮನೆಗಳೆಲ್ಲ ಬೂದು ಬಣ್ಣ, ಅಂದರೆ ತುಂಬಿವೆ. ಮೇಲೆ ಒಂದು ಹಸಿರು ಸಾಲು, 5:15. ಕೆಳಗೆ ಒಂದು ಹಸಿರು ಸಾಲು, 9:30. ಹುಡುಗಿಯದೇನೂ ತಪ್ಪಿಲ್ಲ, ಪಾಪ, ನಗುತ್ತಲೇ ಇದ್ದಳು. ಮೂರರಲ್ಲಿ ಒಂದು ಊಟ ಮೊದಲ ಎರಡು ರಾತ್ರಿಗಳಲ್ಲೇ ಮುಗಿಸಬೇಕು, ಅದು ಪ್ಯಾಕೇಜಿನ ನಿಯಮ ಅಂತಲೂ ಆಗಲೇ ಹೇಳಿದಳು.

ಹೀಗಾಗಿ ಮೊದಲ ಊಟ ಅದೇ ದಿನ ಸಂಜೆ ಐದೂಕಾಲಕ್ಕೆ. ಎರಡು ಗಂಟೆಗೆ ಬಫೆಯಲ್ಲಿ ಕತ್ತಿನವರೆಗೆ ತಿಂದಿದ್ದೆವು. ದುಡ್ಡು ಕೊಟ್ಟಾಗಿದೆ, ಬಿಡೋಕೆ ಮನಸ್ಸಿಲ್ಲ. ಸ್ಟೀಕ್‌ಹೌಸಿನಲ್ಲಿ ಕೂತು ಮೂವರೂ ತಟ್ಟೆಯಲ್ಲಿ ಫೋರ್ಕ್ ಆಡಿಸಿಕೊಂಡು ಇದ್ದೆವು. ಎರಡನೇ ಊಟ ಒಂಬತ್ತೂವರೆಗೆ. ಅವತ್ತು ರಾತ್ರಿಯ ದೊಡ್ಡ ಶೋ ಕೂಡ ಅದೇ ಹೊತ್ತಿಗೆ. ಶೋ ಹೋಯಿತು. ಮಗಳು ಸೂಪ್ ಬರುವ ಮೊದಲೇ ತೂಕಡಿಸುತ್ತಿದ್ದಳು.

ಮೂರನೆಯದು ಇನ್ನೂ ಚೆಂದ. ಅವತ್ತು ಬಂದರಿನಲ್ಲಿ ಹಡಗು ನಿಂತಿತ್ತು. ನಾವು ಊರು ಸುತ್ತಿ ಹಡಗಿಗೆ ವಾಪಸಾದಾಗ ಐದು ಗಂಟೆ, ಸ್ನಾನ ಮುಗಿಸುವಷ್ಟರಲ್ಲಿ ಆರು. ಐದೂಕಾಲರ ಟೇಬಲ್ ಕೈತಪ್ಪಿತು. ಬೇರೆ ದಿನ ಕೊಡಿ ಅಂದರೆ, ಮುಂಚೆ ಹೇಳದೆ ತಪ್ಪಿಸಿಕೊಂಡರೆ ಆ ಊಟ ಲೆಕ್ಕದಿಂದ ಹೋದಂತೆಯೇ ಅಂದರು. ಹೋಯಿತು. ಮೂರು ಊಟದ ದುಡ್ಡು ಕೊಟ್ಟು ಬಾಯಿ ತುಂಬಾ ತಿಂದಿದ್ದು ಒಂದೂ ಇಲ್ಲ. ಕೊನೆಯ ದಿನ ಬಿಲ್ ನೋಡಿದರೆ ಪ್ಯಾಕೇಜಿನ ಬೆಲೆಯ ಮೇಲೆ 18% ಸರ್ವಿಸ್ ಚಾರ್ಜ್ ಬೇರೆ ಕೂತಿತ್ತು. ಈ 18 ಅಥವಾ 20% ಅನ್ನೋದು ಎಷ್ಟೋ ಹಡಗುಗಳಲ್ಲಿ ಮಾಮೂಲು. ಜಾಹೀರಾತಿನಲ್ಲಿ ದಪ್ಪ ಅಕ್ಷರದ ಬೆಲೆ ನೋಡಿದಾಗ ಮನಸ್ಸಿನಲ್ಲೇ ಇದನ್ನೂ ಕೂಡಿಸಿಕೊಳ್ಳಿ.

ಎಲ್ಲ ಹಡಗಿನಲ್ಲೂ ಹೀಗೇ ಅಂತಲ್ಲ. ಕೆಲವು ಕಂಪನಿಗಳಲ್ಲಿ ಹೊರಡುವ ಮೊದಲೇ ಆ್ಯಪ್‌ನಲ್ಲಿ ಟೈಮ್ ಹಿಡಿಯಬಹುದು. ಹಾಗಿದ್ದರೆ ಕೊಂಡ ದಿನವೇ ಹಿಡಿದುಬಿಡಿ. ಇಲ್ಲದಿದ್ದರೆ ಹಡಗಿಗೆ ಕಾಲಿಟ್ಟ ತಕ್ಷಣ, ಬಫೆಗೂ ಮುಂಚೆ, ಕೌಂಟರಿಗೆ ಹೋಗಿ. ಇನ್ನೊಂದು ಕೇಳಬೇಕಾದ ಪ್ರಶ್ನೆ: ಪ್ಯಾಕೇಜಿನಲ್ಲಿ ಎಷ್ಟು ತಿನ್ನಬಹುದು? ಕೆಲವು ಕಡೆ ಒಂದು ಸ್ಟಾರ್ಟರ್, ಒಂದು ಮೇನ್ ಕೋರ್ಸ್, ಒಂದು ಸಿಹಿ, ಅಷ್ಟೇ. ಎರಡನೇದು ಕೇಳಿದರೆ ಮತ್ತೆ ಮೀಟರ್ ಶುರು.

ಇಷ್ಟೆಲ್ಲ ಬೈದ ಮೇಲೂ ಒಂದು ನಿಜ ಒಪ್ಪಿಕೊಳ್ಳಬೇಕು. ಆ ಸ್ಟೀಕ್‌ಹೌಸಿನ ಅಡುಗೆ ಡೈನಿಂಗ್ ರೂಮಿಗಿಂತ ಒಂದು ಕೈ ಮೇಲು. ಕಡಿಮೆ ಜನಕ್ಕೆ ಬೇಯಿಸುತ್ತಾರೆ, ಬಿಸಿಬಿಸಿಯಾಗಿ ಬರುತ್ತದೆ, ಸದ್ದುಗದ್ದಲ ಇಲ್ಲ. ಒಂದು ಸಲ ತಿನ್ನೋಕೆ ಖಂಡಿತ ಚೆಂದ. ಹಾಗಿದ್ದರೆ ಒಂದೇ ಊಟ ಬಿಡಿಯಾಗಿ ಕೊಳ್ಳಿ. ಕೆಲವು ಹಡಗುಗಳಲ್ಲಿ ಮೊದಲ ರಾತ್ರಿ ಆ ರೆಸ್ಟೋರೆಂಟುಗಳು ಖಾಲಿ ಹೊಡೆಯುವುದರಿಂದ ಬಾಗಿಲಲ್ಲೇ ನಿಂತು ಬೆಲೆ ಇಳಿಸಿ ಕರೆಯುವುದುಂಟು. ಹಡಗು ಎಲ್ಲೂ ನಿಲ್ಲದೆ ಸಮುದ್ರದಲ್ಲೇ ಇರುವ ದಿನ ಮಧ್ಯಾಹ್ನದ ಊಟ ಕೊಡುವ ಕಡೆ ರಾತ್ರಿಗಿಂತ ಅಗ್ಗ, ಅಡುಗೆ ಅದೇ ಅಡುಗೆಮನೆಯದು.

ಅಂದಹಾಗೆ, ಟಿಕೆಟ್ಟಿನ ಮೇಲೆ ಮತ್ತೆ ಊಟಕ್ಕೆ ದುಡ್ಡು ಕೀಳುವುದು ಈಗಿನ ಕಾಲದ ಕಿತಾಪತಿ ಅಂದುಕೊಂಡಿದ್ದೆ. ಅಲ್ಲವಂತೆ. 1905ರಲ್ಲೇ ‘ಅಮೇರಿಕಾ’ ಅನ್ನೋ ಜರ್ಮನ್ ಹಡಗಿನಲ್ಲಿ ರಿಟ್ಜ್ ಹೆಸರಿನ, ಬೇರೆ ಬಿಲ್ಲಿನ ರೆಸ್ಟೋರೆಂಟ್ ಇತ್ತು. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲೂ ಫಸ್ಟ್ ಕ್ಲಾಸಿನವರಿಗೆ ಅಂಥದ್ದೊಂದು ಇತ್ತು.

ಬಫೆ ಬಗ್ಗೆ ಹೆಚ್ಚು ಹೇಳೋದಿಲ್ಲ. ಬೆಳಗಿನ ತಿಂಡಿಗೆ, ಈಜುಕೊಳದಿಂದ ಒದ್ದೆ ತಲೆಯಲ್ಲಿ ಬಂದಾಗ, ಬಂದರಿಗೆ ಇಳಿಯುವ ಗಡಿಬಿಡಿಯಲ್ಲಿ, ಅದೇ ಸರಿ. ರಾತ್ರಿಗೆ ಬೇಡ. ತಟ್ಟೆ ಹಿಡಿದುಕೊಂಡು ಟೇಬಲ್ ಹುಡುಕುವುದೇ ಒಂದು ಕೆಲಸ. ಒಳಗೆ ಹೋಗುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವ ನೊರೋವೈರಸ್ ಬರೀ ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗುವುದಿಲ್ಲ.

ಇನ್ನು ಡೈನಿಂಗ್ ರೂಮ್. ಇಲ್ಲೂ ಎರಡು ಬಗೆ. ಒಂದು, ನಿಮಗೆ ಬೇಕಾದಾಗ ಬಂದು ಸಾಲಿನಲ್ಲಿ ನಿಲ್ಲುವುದು. ಇನ್ನೊಂದು, ಟಿಕೆಟ್ ಮಾಡುವಾಗಲೇ ಆರು ಗಂಟೆಯ ಸುಮಾರಿನ ಪಂಕ್ತಿಯೋ ಎಂಟರ ಸುಮಾರಿನ ಪಂಕ್ತಿಯೋ ಹೇಳಿಬಿಡುವುದು. ನಾವು ಎರಡನೇ ಬಗೆ, ಮೊದಲ ಪಂಕ್ತಿ. ಟೇಬಲ್ಲಿನ ನಂಬರು ಕ್ಯಾಬಿನ್ ಕಾರ್ಡಿನ ಮೇಲೇ ಅಚ್ಚಾಗಿತ್ತು. ಸಾಲು ಇಲ್ಲ, ಕೌಂಟರ್ ಇಲ್ಲ, ಟ್ಯಾಬ್ಲೆಟ್ ಇಲ್ಲ.

ನನಗೆ ಊಟದ ಜೊತೆ ಬಿಸಿನೀರು ಬೇಕು. ಮೊದಲ ದಿನ ಕೇಳಿದೆ. ಎರಡನೇ ದಿನ ಕೇಳುವಷ್ಟರಲ್ಲಿ ತಂದರು. ಮೂರನೇ ದಿನ ನಾವು ಟೇಬಲ್ ಹತ್ತಿರ ಬರುವಾಗಲೇ ನನ್ನ ಜಾಗದಲ್ಲಿ ಗಾಜಿನ ಲೋಟ, ಅದರ ಮೇಲೊಂದು ಸಾಸರ್ ಮುಚ್ಚಿಟ್ಟಿದ್ದರು. ಸಾಸರಿನ ಒಳಗೆ ಹಬೆ ಕೂತು ಹನಿಹನಿಯಾಗಿತ್ತು. ಇದಕ್ಕೆ ಯಾವ ಪ್ಯಾಕೇಜೂ ಬೇಕಾಗಲಿಲ್ಲ.

ಎಷ್ಟೋ ಹೊಸಬರಿಗೆ ಗೊತ್ತಿಲ್ಲದ ಸಂಗತಿ, ಡೈನಿಂಗ್ ರೂಮಿನಲ್ಲಿ ಒಬ್ಬರು ಒಂದೇ ತಟ್ಟೆ ಕೇಳಬೇಕು ಅಂತೇನಿಲ್ಲ. ಎರಡು ಸ್ಟಾರ್ಟರ್ ತರಿಸಿಕೊಳ್ಳಬಹುದು. ಮೇನ್ ಕೋರ್ಸ್ ಹಿಡಿಸದಿದ್ದರೆ ಬೇರೆಯದು ಕೇಳಬಹುದು. ಮಗಳು ಒಂದು ರಾತ್ರಿ ಮೂರು ಸಿಹಿ ತರಿಸಿ ಎರಡನ್ನು ಅಪ್ಪನ ಕಡೆ ತಳ್ಳಿದಳು. ಯಾರೂ ಮುಖ ಸಿಂಡರಿಸಲಿಲ್ಲ. ಮೆನುವಿನಲ್ಲಿ ಪಕ್ಕಕ್ಕೆ ಬೆಲೆ ಬರೆದಿರುವ ಕೆಲವು ಐಟಂಗಳಿಗೆ ಮಾತ್ರ ಬೇರೆ ಚಾರ್ಜು, ಸಾಮಾನ್ಯವಾಗಿ ದುಬಾರಿ ಸ್ಟೀಕು, ಲಾಬ್‌ಸ್ಟರ್ ಥರದವು. ಕೆಲವು ಹಡಗುಗಳು ಮೂರನೇ ಮೇನ್ ಕೋರ್ಸಿಗೂ ಚಾರ್ಜು ಹಾಕುತ್ತವೆ, ಅಷ್ಟು ತಿನ್ನುವವರು ನೋಡಿಕೊಳ್ಳಿ. ಪಥ್ಯ ಇದ್ದವರು, ಮಾಂಸ ತಿನ್ನದವರು, ಅಲರ್ಜಿ ಇರುವವರು ಹೆಡ್ ವೇಟರಿಗೆ ಮೊದಲ ದಿನವೇ ಹೇಳಿದರೆ ನಾಳೆಯ ಮೆನುವನ್ನು ಇವತ್ತೇ ತಂದು ತೋರಿಸುತ್ತಾರೆ. ಈ ಒಂದು ಅನುಕೂಲಕ್ಕಾದರೂ ಖಾಯಂ ಟೇಬಲ್ ಬೇಕು. ದಿನಕ್ಕೊಬ್ಬ ವೇಟರ್ ಸಿಕ್ಕರೆ ದಿನಾ ಅದೇ ಕತೆ ಹೇಳಬೇಕು.

ಕಿರಿಕಿರಿ ಇಲ್ಲವೇ? ಇದೆ. ಒಂದು ಊಟಕ್ಕೆ ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ. ಎಂಟು ಜನರ ಟೇಬಲ್ ಕೊಟ್ಟರೆ ಗುರುತಿಲ್ಲದವರ ಜೊತೆ ವಾರವಿಡೀ ಮಾತಾಡಬೇಕು. ನಮ್ಮನೆಯವರಿಗೆ ಅದು ಶಿಕ್ಷೆ. ಮೂವರಿಗೇ ಟೇಬಲ್ ಬೇಕು ಅಂತ ಮೊದಲೇ ಬರೆಸಿದ್ದಕ್ಕೆ ಬಚಾವಾದರು. ಒಂದೋ ಎರಡೋ ರಾತ್ರಿ ಠಾಕುಠೀಕಾಗಿ ಬಟ್ಟೆ ಹಾಕಿಕೊಂಡು ಬರಬೇಕು. ಬೇಜಾರಿದ್ದರೆ ಆ ರಾತ್ರಿ ಬಫೆಗೆ ಹೋಗಿ, ಯಾರೂ ಕೇಳುವುದಿಲ್ಲ.

ಟಿಪ್ಸ್ ವಿಷಯ. ಬಹಳಷ್ಟು ಹಡಗುಗಳಲ್ಲಿ ತಲೆಗಿಷ್ಟು, ದಿನಕ್ಕಿಷ್ಟು ಅಂತ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ಮಕ್ಕಳಿಗೂ ಬೀಳುತ್ತದೆ. ಮೂರು ಜನ, ಏಳು ರಾತ್ರಿ, ಲೆಕ್ಕ ಹಾಕಿ ನೋಡಿ, ಇಪ್ಪತ್ತೊಂದು ಸಲ. ಟಿಕೆಟ್ ಅಗ್ಗ ಅಂತ ಹಿಗ್ಗುವ ಮುಂಚೆ ಇದನ್ನು ಸೇರಿಸಿ ಹೋಲಿಸಿ. ಕೆಲವು ಕಂಪನಿಗಳು ಟಿಕೆಟ್ಟಿನಲ್ಲೇ ಸೇರಿಸಿರುತ್ತವೆ.

ಕುಡಿಯುವುದರ ಪ್ಯಾಕೇಜಿನಲ್ಲೂ ಮೊದಲ ಸಲ ಬೀಳುವುದರಲ್ಲಿದ್ದೆವು. ತಡೆದಿದ್ದು ಒಂದು ನಿಯಮ. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅಲ್ಲಿರುವ ದೊಡ್ಡವರೆಲ್ಲ ಕೊಳ್ಳಬೇಕು ಅಂತ ಬಹಳ ಕಂಪನಿಗಳು ಹೇಳುತ್ತವೆ. ನಾನು ಕುಡಿಯುವುದೇ ಇಲ್ಲ. ನಮ್ಮನೆಯವರದು ಊಟಕ್ಕೆ ಒಂದು ಬಿಯರ್. ಪ್ಯಾಕೇಜ್ ಗಿಟ್ಟಬೇಕಾದರೆ ಇಬ್ಬರೂ ದಿನಕ್ಕೆ ಐದಾರು ಗ್ಲಾಸ್ ಇಳಿಸಬೇಕು, ಬಂದರಿಗೆ ಇಳಿದು ದಿನವಿಡೀ ಹೊರಗಿರುವ ದಿನವೂ! ಬಿಡಿಯಾಗಿ ಕೊಂಡೆವು. ನೀರು, ಟೀ, ಮಾಮೂಲು ಕಾಫಿ ಬಿಟ್ಟಿ. ಮೆಷಿನ್ನಿನ ಎಸ್ಪ್ರೆಸೊ, ಕೋಲಾ ಥರದವಕ್ಕೆ ದುಡ್ಡು. ಖಾಲಿ ನೀರಿನ ಬಾಟಲಿ ಒಯ್ಯಿರಿ, ಬಂದರಿಗೆ ಇಳಿಯುವ ಮುಂಚೆ ತುಂಬಿಸಿಕೊಳ್ಳಬಹುದು.

ವೈಫೈ ಬೇಕಿದ್ದರೆ ಹೊರಡುವ ಮುಂಚೆ ಕೊಳ್ಳಿ, ಹಡಗಿನಲ್ಲಿ ಜಾಸ್ತಿ. ಹಡಗಿನಲ್ಲಿ ಮಾಡಿದ ಖರ್ಚೆಲ್ಲ ಸೇರುವ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ, ಖರ್ಚು ಮಾಡುವ ಮುಂಚೆಯೇ ಒಂದಿಷ್ಟು ದುಡ್ಡು ಹಿಡಿದಿಡುತ್ತಾರೆ, ಬಿಡುಗಡೆಗೆ ದಿನಗಟ್ಟಲೆ ಕಾಯಬೇಕು. ಬಂದರು ಹತ್ತಿರವಿದ್ದರೆ ಮಧ್ಯಾಹ್ನ ಹಡಗಿಗೇ ಬಂದು ಉಂಡು ಮತ್ತೆ ಇಳಿಯಬಹುದು, ಬಫೆ ಸಾಮಾನ್ಯವಾಗಿ ತೆರೆದೇ ಇರುತ್ತದೆ.

ಹಾಗಾದರೆ ಪ್ಯಾಕೇಜ್ ಯಾರಿಗೆ? ರಾತ್ರಿ ಒಂಬತ್ತೂವರೆಗೆ ಉಣ್ಣುವ ಅಭ್ಯಾಸದ ಗಂಡ ಹೆಂಡತಿಗೆ, ಚಿಕ್ಕ ಮಕ್ಕಳಿಲ್ಲದಿದ್ದರೆ, ಸಮುದ್ರದಲ್ಲೇ ಕಳೆಯುವ ದಿನಗಳು ಜಾಸ್ತಿ ಇದ್ದರೆ, ಹೊರಡುವ ಮುಂಚೆ ಟೈಮ್ ಹಿಡಿಯಲು ಬಿಟ್ಟರೆ, ಬಹುಶಃ ಸರಿ ಹೋದೀತು. ನಾವು ಏಳಕ್ಕೆಲ್ಲ ಊಟ ಮುಗಿಸಿ ಹತ್ತಕ್ಕೆ ಮಲಗುವ ಜನ. ಪ್ಯಾಕೇಜಿನ ದುಡ್ಡಿಗೆ ಎರಡನೇ ಸಲ ಒಳಗಿನ ಕ್ಯಾಬಿನ್ ಬಿಟ್ಟು ಕಿಟಕಿ ಇರುವ ಕ್ಯಾಬಿನ್ ತಗೊಂಡೆವು, ಇನ್ನೂ ಸ್ವಲ್ಪ ಉಳಿಯಿತು.

ಮುಂದಿನ ಪ್ರಯಾಣದ ಟಿಕೆಟ್ಟೂ ಆಗಿದೆ. ಮೊದಲ ಪಂಕ್ತಿ, ಮೂವರ ಟೇಬಲ್ ಅಂತ ಬರೆಸಿದ್ದೇನೆ. ಮಗಳಿಗೆ ಮಾತ್ರ ಕಾದ ತಗಡಿನ ಮುಂದೆ ಕೂತು, ಅಡುಗೆಯವನು ಮೊಟ್ಟೆ ಮೇಲೆ ಹಾರಿಸಿ ಹಿಡಿಯುವುದನ್ನು ನೋಡಬೇಕಂತೆ. ಆಗಲಿ, ಸಮುದ್ರದಲ್ಲಿರುವ ದಿನ ಮಧ್ಯಾಹ್ನ ಒಂದು ಊಟ, ಒಂದೇ ಒಂದು. ಅದರ ಟೈಮ್ ಈಗಲೇ ಆ್ಯಪ್‌ನಲ್ಲಿ ಹಿಡಿದಾಗಿದೆ: ಹನ್ನೆರಡೂವರೆ.