ಬಾಯಾರಿನ ಗುಡ್ಡೆಯಲ್ಲಿ ಸೈಕ್ಲೋಕ್ರಾಸ್: ಮೌಂಟನ್ ಬೈಕು (ಎಂಟಿಬಿ) ಆಗಬಹುದೋ, ಗ್ರಾವೆಲ್ ಸೈಕಲೇ ಬೇಕೋ?

ಬೆಲ್ಜಿಯಂನವರಿಗೆ ಸೈಕ್ಲೋಕ್ರಾಸ್ ಎಂಬ ಸೈಕಲ್ ರೇಸು ಅಂದರೆ ನಮಗೆ ಕಂಬಳ ಇದ್ದ ಹಾಗೆ. ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಸೀಸನ್ನು, ಮೊಣಕಾಲಿನವರೆಗೆ ಕೆಸರು, ಬೇಲಿಗೆ ಒರಗಿ ಬೊಬ್ಬೆ ಹೊಡೆಯುವ ಜನ. ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಸುತ್ತು. ತುಳಿಯಲಾಗದ ಕಡೆ ಇಳಿದು, ಸೈಕಲನ್ನು ಹೆಗಲಿಗೇರಿಸಿ ಓಡಬೇಕು. ಗಂಡಸರ ದೊಡ್ಡ ರೇಸು ಸುಮಾರು ಒಂದು ಗಂಟೆ, ಹವ್ಯಾಸಿಗಳದ್ದು ಹೆಚ್ಚಾಗಿ ಮುಕ್ಕಾಲು ಗಂಟೆಯ ಒಳಗೆ. ಅಂತಾರಾಷ್ಟ್ರೀಯ ನಿಯಮದಲ್ಲಿ ಟಯರಿನ ಅಗಲ 33 ಮಿ.ಮೀ. ಮೀರುವಂತಿಲ್ಲ.

ಈ ನಿಯಮ ಬರೆದವರು ನಮ್ಮ ಪದವಿಗೆ, ಅಂದರೆ ಗುಡ್ಡೆಯ ಮೇಲಿನ ಕಲ್ಲುಬಯಲಿಗೆ, ಬಂದವರಲ್ಲ ಬಿಡಿ. ಕಾಸರಗೋಡಿನ ಪೈವಳಿಕೆ, ಬಾಯಾರು ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ) ಮೇಲೆ 33ರ ಟಯರು ಓಡಿಸಿದರೆ ರಿಮ್ಮಿಗೇ ಪೆಟ್ಟು. ಹಾಗಾಗಿ ಶನಿವಾರ, ಭಾನುವಾರ ನಾವು ಗೆಳೆಯರು ಸೇರಿ ಸ್ಪರ್ಧೆ ಇಟ್ಟುಕೊಂಡಾಗ ಅಗಲದ ಕಟ್ಟುಪಾಡು ಹಾಕಲಿಲ್ಲ. ಪದವಿನ ಮೇಲೆ ಶುರು, ಅಡಿಕೆ ತೋಟದೊಳಗೆ ಇಳಿತ, ತೋಡಿಗೆ ಹಾಕಿದ ಸಂಕ (ಕಾಲುಸೇತುವೆ), ಕೊಯ್ಲಾದ ಗದ್ದೆ, ಆಮೇಲೆ ಮುರಕಲ್ಲು ಕಡಿದು ಮಾಡಿದ ಮೆಟ್ಟಿಲು ಹತ್ತಿ ವಾಪಸು ಪದವಿಗೆ. ಅಸಲಿ ರೇಸಿನಲ್ಲಿ ನಲವತ್ತು ಸೆಂಟಿಮೀಟರ್ ಎತ್ತರದ ಎರಡು ಹಲಗೆ ಅಡ್ಡ ನಿಲ್ಲಿಸುತ್ತಾರೆ. ನಮಗೆ ಅದರ ಕೆಲಸವೇ ಬೀಳಲಿಲ್ಲ, ತೋಟದ ಬೇಲಿ ದಾಟುವ ತಡಮೆಗಳು ಮೊದಲೇ ಇದ್ದವು, ಅದೂ ಇನ್ನಷ್ಟು ಎತ್ತರಕ್ಕೆ.

ಶನಿವಾರ ನಾನು ಬಿಟ್ಟದ್ದು ಹಾರ್ಡ್‌ಟೇಲ್ ಎಂಟಿಬಿ: ಮುಂದೆ ಮಾತ್ರ ಸಸ್ಪೆನ್ಷನ್ನು, 2.1 ಇಂಚಿನ ಟಯರು, ತೂಕ ಹದಿಮೂರು ಕಿಲೋಕ್ಕೆ ಮೇಲೆ. ಭಾನುವಾರ ಭಾವನ ಗ್ರಾವೆಲ್ ಸೈಕಲು: ಜಲ್ಲಿ, ಮಣ್ಣುದಾರಿಗೆಂದು ಮಾಡಿದ್ದು, ಬಾಗಿದ ಹ್ಯಾಂಡಲ್, 38 ಮಿ.ಮೀ. ಟಯರು, ಸುಮಾರು ಮೂರು ಕಿಲೋ ಹಗುರ. ಅಸಲಿ ಸೈಕ್ಲೋಕ್ರಾಸ್ ಸೈಕಲು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಅದಕ್ಕೆ ಹತ್ತಿರದ್ದು ಗ್ರಾವೆಲ್ಲೇ. ಆದರೆ ಗ್ರಾವೆಲ್ಲಿನ ಚಕ್ರಗಳ ನಡುವಿನ ಅಂತರ ಜಾಸ್ತಿ, ಆದ್ದರಿಂದ ಇಕ್ಕಟ್ಟಿನ ತಿರುವಿನಲ್ಲಿ ಸ್ವಲ್ಪ ಸೋಮಾರಿ.

ಪದವಿನ ಮೇಲೆ ಹೋಲಿಕೆಯೇ ಬೇಡ, ಎಂಟಿಬಿ ರಾಜ. ಮುಳಿಹುಲ್ಲಿನ ಅಡಿಯಲ್ಲಿ ಎಲ್ಲಿ ಗುಂಡಿ, ಎಲ್ಲಿ ಕಲ್ಲಿನ ಅಂಚು ಎಂದು ಕಾಣುವುದಿಲ್ಲ. ಎಂಟಿಬಿಯಲ್ಲಿ ಅದನ್ನು ಹುಡುಕುವ ಅಗತ್ಯವೂ ಇಲ್ಲ, 23 ಪಿಎಸ್‌ಐ ಒತ್ತಡದ ಗಾಳಿಯಲ್ಲಿ ಎಲ್ಲವನ್ನೂ ನುಂಗಿಕೊಂಡು ಹೋಗುತ್ತದೆ. ಗ್ರಾವೆಲ್ಲಿನಲ್ಲಿ 30ಕ್ಕೆ ಇಳಿಸಿಯೂ ಮುಂಗೈ ನಡುಗಿ, ಬ್ರೇಕಿನ ಮೇಲೆ ಬೆರಳಿದೆಯೋ ಇಲ್ಲವೋ ಎಂದು ಗೊತ್ತಾಗದಷ್ಟು ಜೋಮು. ಇನ್ನೂ ಇಳಿಸೋಣ ಎಂದರೆ ಒಳಗೆ ಟ್ಯೂಬು ಇರುವವರಿಗೆ ಅಪಾಯ: ಕಲ್ಲಿನ ಅಂಚು ಟ್ಯೂಬನ್ನು ರಿಮ್ಮಿಗೆ ಒತ್ತಿ ಹಾವು ಕಚ್ಚಿದಂತೆ ಜೋಡಿ ತೂತು ಮಾಡುತ್ತದೆ. ಭಾವನದ್ದು ಟ್ಯೂಬ್‌ಲೆಸ್ಸು, ಅದರಿಂದಾಗಿ ಬಚಾವು. ಆದರೆ ಅದರೊಳಗಿನ ಸೀಲಂಟು, ಅಂದರೆ ತೂತು ಮುಚ್ಚುವ ದ್ರವ, ನಮ್ಮ ಸೆಕೆಗೆ ಬೇಗ ಒಣಗುತ್ತದೆ, ರೇಸಿಗೆ ಮೊದಲು ಟಯರು ಅಲುಗಿಸಿ ಒಳಗೆ ಕುಲುಕುವ ಸದ್ದು ಬರುತ್ತದೋ ನೋಡಿಕೊಳ್ಳಿ.

ತೋಟಕ್ಕೆ ಇಳಿದ ಮೇಲೆ ಲೆಕ್ಕ ತಿರುಗಿತು. ತಡಮೆ ಹತ್ತಿರ ಬರುವಾಗಲೇ ಬಲಗಾಲನ್ನು ಸೀಟಿನ ಹಿಂದಿನಿಂದ ಎಡಕ್ಕೆ ತಂದು, ಎಡ ಪೆಡಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ಜಾರುತ್ತಾ ಬರಬೇಕು, ನೆಲಕ್ಕೆ ಹಾರಿದ ಕೂಡಲೇ ಓಟ. ಚೈನು ಬಲಗಡೆ ಇರುವುದರಿಂದ ಇಳಿಯುವುದು ಯಾವಾಗಲೂ ಎಡಕ್ಕೆ. ಬಳಿಕ ಬಲ ಹೆಗಲನ್ನು ಫ್ರೇಮಿನ ತ್ರಿಕೋನದೊಳಗೆ ತೂರಿಸಿ, ಬಲಗೈಯನ್ನು ಕೆಳಗಿನ ಕೊಳವೆಯ ಅಡಿಯಿಂದ ಚಾಚಿ ಹ್ಯಾಂಡಲಿನ ಎಡತುದಿ ಹಿಡಿದರೆ ಸೈಕಲು ಬೆನ್ನಿಗೆ ಅಂಟಿಕೊಳ್ಳುತ್ತದೆ, ಎಡಗೈ ಖಾಲಿ. ಗ್ರಾವೆಲ್ಲಿನಲ್ಲಿ ಇದು ಸಲೀಸು. ಎಂಟಿಬಿಯ ತ್ರಿಕೋನ ಸಣ್ಣದು, ಮೇಲಿನ ಬಾರು ಇಳಿಜಾರು, ಮೇಲಿಂದ ಬಾಟಲಿ ಸ್ಟ್ಯಾಂಡು ಬೇರೆ. ಹೆಗಲು ಒಳಗೆ ಹೋಗುವುದೇ ಇಲ್ಲ. ಸೀಟು, ಹ್ಯಾಂಡಲ್ ಹಿಡಿದು ಗೋಣಿಚೀಲದ ಹಾಗೆ ಎತ್ತಿ ಆಚೆ ಹಾಕಬೇಕು. ಒಂದೆರಡು ಸುತ್ತಿಗೆ ಪರವಾಗಿಲ್ಲ, ಕೊನೆಯ ಸುತ್ತುಗಳಲ್ಲಿ ಆ ಮೆಟ್ಟಿಲು ಹತ್ತುವಾಗ ಸೊಂಟ ಹರಕೆ ಹೇಳಿಕೊಂಡಿತು. ಅಡಿಕೆ ಹೆಕ್ಕುತ್ತಿದ್ದ ಅತ್ತೆ ತಲೆಯೆತ್ತಿ, “ಎಂತ ಮಾರಾಯ, ಸೈಕಲು ನಿನ್ನನ್ನು ಹೊರುವುದೋ ನೀನು ಸೈಕಲನ್ನು ಹೊರುವುದೋ?” ಎಂದು ಕೇಳಿದರು.

ಹಲಗೆಯ ಮೇಲೆ ಸೈಕಲ್ ಸಮೇತ ಹಾರುವವರೂ ಇದ್ದಾರೆ. ಬೆಲ್ಜಿಯಂನ ಸ್ವೆನ್ ನೈಸ್ ಅದರಲ್ಲಿ ಹೆಸರುವಾಸಿ. ಆ ವಿದ್ಯೆ ತಡಮೆಯ ಮೇಲೆ ಪ್ರಯೋಗಿಸಲು ನಮ್ಮಲ್ಲಿ ಯಾರೂ ಮುಂದೆ ಬರಲಿಲ್ಲ.

ಗದ್ದೆಯ ಲೆಕ್ಕ ಅಷ್ಟು ಸುಲಭದ್ದಲ್ಲ. ಶನಿವಾರ ರಾತ್ರಿ ತುಲಾ ಮಾಸದ ಗುಡುಗು ಮಳೆ ಹೊಡೆದು ಭಾನುವಾರದ ಗದ್ದೆ ಬೇರೆಯೇ ಆಗಿತ್ತು. ನ್ಯಾಯ ಇರಲಿ ಎಂದು ಸಂಜೆ ಎಂಟಿಬಿಯನ್ನೂ ಅದೇ ಕೆಸರಿಗೆ ಇಳಿಸಿದೆ. ಒಣ ಕೂಳೆಯ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ಕೆಸರಾದಾಗ ಕಿರಿದಾದ ಟಯರು ಮೇಲಿನ ಸಡಿಲ ಮಣ್ಣನ್ನು ಸೀಳಿ ಕೆಳಗಿನ ಗಟ್ಟಿ ಪದರಕ್ಕೆ ಕಚ್ಚುತ್ತದೆ, ಅಗಲದ್ದು ಮೇಲೆಯೇ ತೇಲಿ ಅಡ್ಡಡ್ಡ ಜಾರುತ್ತದೆ. ಹಿಂಚಕ್ರ ಮತ್ತು ಫ್ರೇಮಿನ ನಡುವೆ ಜೇಡಿ ತುಂಬಿ ಎಂಟಿಬಿ ಕೊನೆಗೆ ನಿಂತೇ ಬಿಟ್ಟಿತು. ಗ್ರಾವೆಲ್ಲೂ ಕಟ್ಟಿತು, ಸ್ವಲ್ಪ ತಡವಾಗಿ. ಇದರ ಜೊತೆ ಅಡಿಕೆ ಸೋಗೆಯ ಚೂರು ಗೇರು ಬದಲಿಸುವ ಡಿರೇಲರಿಗೆ ಸಿಕ್ಕಿಕೊಂಡರೆ ಎರಡಕ್ಕೂ ಒಂದೇ ಗತಿ. ಕೈಹಾಕಿ ಎಳೆಯಬೇಕು, ಬೇರೆ ಉಪಾಯವಿಲ್ಲ.

ಪೆಡಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಹೆಚ್ಚಿನವರಿಗೆ ಹಿಡಿಸಲಿಕ್ಕಿಲ್ಲ. ಬೂಟು ಕಚ್ಚಿಕೊಳ್ಳುವ ಎಸ್‌ಪಿಡಿ ಪೆಡಲು ಪದವಿನ ಕುಲುಕಾಟದಲ್ಲಿ ಕಾಲನ್ನು ಜಾಗದಲ್ಲಿ ಹಿಡಿದಿಡುತ್ತದೆ, ಒಪ್ಪಿದೆ. ಆದರೆ ಗದ್ದೆ ದಾಟಿದ ಮೇಲೆ ಬೂಟಿನಡಿಯ ಕೊಂಡಿಯಾದ ಕ್ಲೀಟಿನೊಳಗೆ ಜೇಡಿ ಗಟ್ಟಿಯಾಗಿ ಕೂತು, ಎಷ್ಟು ಒದ್ದರೂ ಕ್ಲಿಕ್ ಎನ್ನುವುದಿಲ್ಲ. ಮುಳ್ಳಿರುವ ಸಾದಾ ಫ್ಲ್ಯಾಟ್ ಪೆಡಲಿಗೆ ರಬ್ಬರ್ ಸ್ಟಡ್ಡಿನ ಫುಟ್‌ಬಾಲ್ ಬೂಟು ಹಾಕಿ ಬಂದ ಹುಡುಗ ಅಲ್ಲೇ ನನ್ನನ್ನು ಹಿಂದೆ ಹಾಕಿದ. ನಮ್ಮ ಮಣ್ಣಿಗೆ ಅದೇ ಸರಿ.

ದೊಡ್ಡ ರೇಸುಗಳಲ್ಲಿ ಪಿಟ್ಟು ಎಂದೊಂದು ಜಾಗ ಇರುತ್ತದೆ. ಕೆಸರು ಮೆತ್ತಿದ ಸೈಕಲು ಕೊಟ್ಟು ತೊಳೆದದ್ದನ್ನು ಹತ್ತಿಕೊಂಡು ಹೋಗಬಹುದು, ಮೆಕ್ಯಾನಿಕ್ಕು ಪ್ರೆಷರ್ ವಾಷರ್ ಹಿಡಿದು ಕಾಯುತ್ತಿರುತ್ತಾನೆ. ನಮಗಿದ್ದದ್ದು ಸುರಂಗದ ನೀರು. ಗುಡ್ಡೆಯ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ಪಂಪಿಲ್ಲದೆ ತಾನಾಗಿ ಇಳಿದು ಬರುವ ಪೈಪು. ಒತ್ತಡ ಕಮ್ಮಿ. ಆದರೆ ಅದೂ ಒಳ್ಳೆಯದೇ, ಜೋರು ನೀರು ಬೇರಿಂಗಿನೊಳಗಿನ ಗ್ರೀಸನ್ನು ತೊಳೆದು ಬಿಡುತ್ತದೆ. ತೊಳೆಯುವಾಗ ಎಂಟಿಬಿಯ ಮುಂದಿನ ಸಸ್ಪೆನ್ಷನ್ ಫೋರ್ಕಿನ ಸೀಲುಗಳನ್ನು ಬಟ್ಟೆಯಲ್ಲಿ ಒರೆಸುವ ಹೆಚ್ಚಿನ ಕೆಲಸ, ಗ್ರಾವೆಲ್ಲಿಗೆ ಅದಿಲ್ಲ.

ಒಟ್ಟು ಸಮಯ ನೋಡಿದರೆ ಒಣ ನೆಲದಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಪದವಿನಲ್ಲಿ ಎಂಟಿಬಿ ಗಳಿಸಿದ್ದನ್ನು ಮೆಟ್ಟಿಲಲ್ಲಿ ಕಳೆದುಕೊಳ್ಳುತ್ತದೆ. ಮಳೆ ಬಿದ್ದರೆ ಮಾತ್ರ ನಾನು ಕಣ್ಣುಮುಚ್ಚಿ ಗ್ರಾವೆಲ್ ಹಿಡಿಯುತ್ತೇನೆ, ಮುಂದಿನ ಚಕ್ರಕ್ಕೆ 40ರ ಗಂಟು ಟಯರು ಹಾಕಿಸಿ, ಹಿಂದೆ 38 ಹಾಗೇ ಬಿಟ್ಟು. ಹೊಸತು ಕೊಳ್ಳುವ ಯೋಚನೆಯಿಲ್ಲದೆ ಎಂಟಿಬಿಯಲ್ಲೇ ಬರುವವರು ಬಾಟಲಿ ಸ್ಟ್ಯಾಂಡು ಬಿಚ್ಚಿಡಿ, ಹಿಂದೆ 1.95 ಇಂಚಿನ ಟಯರು ಹಾಕಿ, ಮೆಟ್ಟಿಲಿಗೆ ಮುಂಚೆ ಫೋರ್ಕು ಲಾಕ್ ಮಾಡಬೇಡಿ. ಅದಕ್ಕೆ ಕೈಬಿಡುವಷ್ಟರಲ್ಲಿ ಮೆಟ್ಟಿಲೇ ಬಂದಿರುತ್ತದೆ.