ಐಎಂಎಸ್‌ಎಲ್‌ಪಿ: ಫ್ಲೂಟ್ ಪಕ್ಕ ಕೂರುವ ಪಿಯಾನೊದವರ ಕಡೆಯಿಂದ ಒಂದು ವಿಮರ್ಶೆ

ಬಳ್ಳಾರಿಯ ಸಂಗೀತದ ಅಂಗಡಿಗಳಲ್ಲಿ ಹಾರ್ಮೋನಿಯಂ ಸಿಗುತ್ತದೆ, ತಬಲಾ ಸಿಗುತ್ತದೆ. ಬಿದಿರಿನ ಕೊಳಲು, ಗಿಟಾರ್ ತಂತಿ, ಕೀಬೋರ್ಡ್ ಎಲ್ಲ ಸಿಗುತ್ತವೆ. ಪಾಶ್ಚಾತ್ಯರ ಲೋಹದ ಕೊಳಲು ಫ್ಲೂಟ್ ಮತ್ತು ಪಿಯಾನೊ ಜೊತೆಯಾಗಿ ನುಡಿಸುವ ಶೀಟ್ ಮ್ಯೂಸಿಕ್, ಅಂದರೆ ಅಚ್ಚಾದ ಸ್ವರಲಿಪಿ, ಮಾತ್ರ ನನಗೆ ಇಲ್ಲಿ ಎಲ್ಲೂ ಸಿಕ್ಕಿಲ್ಲ. ನಮ್ಮ ಮನೆಯಲ್ಲಿರುವ ಅಂಥ ಸ್ಕೋರುಗಳಲ್ಲಿ ಹೆಚ್ಚಿನವು ಐಎಂಎಸ್‌ಎಲ್‌ಪಿ ಅನ್ನುವ ವೆಬ್‌ಸೈಟಿನಿಂದ ಇಳಿಸಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದವು. ಆ ವೆಬ್‌ಸೈಟ್ ಹೇಗಿದೆ, ಅಲ್ಲಿ ಜನ ಅಷ್ಟಾಗಿ ನುಡಿಸದ ಯಾವ ಒಳ್ಳೆಯ ಕೃತಿಗಳಿವೆ ಅಂತ ಹೇಳೋಣ ಅಂತ ಬರೆಯುತ್ತಿದ್ದೇನೆ.

ನಾನು ಪಿಯಾನೊದವಳು. ಕಂಟೋನ್ಮೆಂಟ್ ಕಡೆಯ ಚರ್ಚಿನಲ್ಲಿ ಭಾನುವಾರ ಕೀಬೋರ್ಡ್ ನುಡಿಸುತ್ತೇನೆ. ಮನೆಯಲ್ಲಿ 88 ಕೀಗಳ ಡಿಜಿಟಲ್ ಪಿಯಾನೊ ಇದೆ. ಫ್ಲೂಟ್ ನುಡಿಸುವವಳು ನಮ್ಮಣ್ಣನ ಮಗಳು. ಗ್ರೇಡ್ ಪರೀಕ್ಷೆಗೆ ಅಂತ ಶುರು ಮಾಡಿದಳು, ಈಗ ಪರೀಕ್ಷೆಯ ಹಂಗಿಲ್ಲದೆ ನುಡಿಸುತ್ತಾಳೆ. ಸಂಜೆ ಅವಳು ಬಂದರೆ ನಾವಿಬ್ಬರೂ ಕೂರುತ್ತೇವೆ.

ನನ್ನ ಬೇಡಿಕೆ ಒಂದೇ. ಪಿಯಾನೊಗೂ ಕೈತುಂಬ ಕೆಲಸ ಬೇಕು. ಫ್ಲೂಟ್ ಕಲಿಯುವವರ ಪುಸ್ತಕಗಳಲ್ಲಿ ಪಿಯಾನೊದ ಭಾಗ ತೀರಾ ಸಪ್ಪೆ ಇರುತ್ತದೆ. ಎಡಗೈಗೆ ಒಂದು ಸ್ವರ, ಬಲಗೈಗೆ ಎರಡು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು), ಕೊನೆತನಕ ಅದೇ. ನಮ್ಮ ಕಡೆ ಹಾರ್ಮೋನಿಯಂ ಸಾಥ್ ಕೊಡುವವರನ್ನು ನೋಡಿ. ಹಾಡುವವರು ಒಂದು ತಾನ್ ಹಾಕಿದರೆ ಅದರ ಬೆನ್ನು ಹತ್ತುತ್ತಾರೆ, ಉಸಿರು ತಗೊಳ್ಳುವ ಜಾಗವನ್ನು ತುಂಬುತ್ತಾರೆ, ಒಮ್ಮೊಮ್ಮೆ ಹಾಡುವವರಿಗೇ ದಾರಿ ತೋರಿಸುತ್ತಾರೆ. ಫ್ಲೂಟ್ ಜೊತೆಗಿನ ಪಿಯಾನೊ ಕೂಡ ಹಾಗೇ ಇರಬೇಕು ಅಲ್ವಾ? ಅಂಥ ಕೃತಿಗಳು ಬೇಕಾದಷ್ಟಿವೆ. ಎಲ್ಲ ಕಡೆ ಕೇಳಿಬರುವ ಹತ್ತು ಹನ್ನೆರಡು ಹೆಸರುಗಳನ್ನು ದಾಟಿ ಹುಡುಕಬೇಕು, ಅಷ್ಟೆ.

ಮೊದಲು ವೆಬ್‌ಸೈಟ್ ವಿಷಯ. ಐಎಂಎಸ್‌ಎಲ್‌ಪಿ 2006ರಲ್ಲಿ ಕೆನಡಾದಲ್ಲಿ ಶುರುವಾಯಿತು. 2007ರಲ್ಲಿ ವಿಯೆನ್ನಾದ ಒಂದು ಪ್ರಕಾಶನ ಸಂಸ್ಥೆ ಕಾಪಿರೈಟ್ ವಿಷಯಕ್ಕೆ ವಕೀಲರ ಪತ್ರ ಕಳಿಸಿದ್ದರಿಂದ ಮುಚ್ಚಿ, 2008ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಪೆಟ್ರುಚ್ಚಿ ಸಂಗೀತ ಗ್ರಂಥಾಲಯ ಅಂತಲೂ ಹೆಸರಿದೆ. 1501ರಲ್ಲೇ ವೆನಿಸ್‌ನಲ್ಲಿ ಸಂಗೀತದ ಪುಸ್ತಕ ಅಚ್ಚು ಹಾಕಿದ ಪೆಟ್ರುಚ್ಚಿಯ ಹೆಸರು ಅದು. ಕಾಪಿರೈಟ್ ಮುಗಿದ ಸ್ಕೋರುಗಳನ್ನು ಪ್ರಪಂಚದ ನಾನಾ ಕಡೆಯ ಜನ ಸ್ಕ್ಯಾನ್ ಮಾಡಿ ಅಲ್ಲಿ ಹಾಕುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಸದಸ್ಯರಲ್ಲದವರು ಪ್ರತಿ ಫೈಲಿಗೆ 15 ಸೆಕೆಂಡ್ ಕಾಯಬೇಕು. ಇಷ್ಟು ದೊಡ್ಡ ಉಪಕಾರಕ್ಕೆ 15 ಸೆಕೆಂಡ್ ಏನೂ ಅಲ್ಲ.

ನಮ್ಮ ದೇಶದಲ್ಲಿ ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಯುರೋಪಿನಲ್ಲಿ 70. ಹಾಗಾಗಿ ಇಳಿಸುವ ಮೊದಲು ರಚಿಸಿದವರು ಯಾವಾಗ ತೀರಿಕೊಂಡರು ಅಂತ ನೋಡಿಕೊಳ್ಳಿ. ನಾನು ಕೆಳಗೆ ಹೇಳುವ ಕೃತಿಗಳೆಲ್ಲ ಆ ಲೆಕ್ಕದಲ್ಲಿ ಮುಕ್ತವಾಗಿವೆ.

ಈಗ ಕೃತಿಗಳಿಗೆ ಬರೋಣ. ಎಲ್ಲಕ್ಕಿಂತ ಮೊದಲು ಆಲ್ಬರ್ ರೂಸೆಲ್. ಫ್ರಾನ್ಸಿನವರು, ಮೊದಲು ನೌಕಾಪಡೆಯಲ್ಲಿದ್ದವರು. ಕೆಲಸ ಬಿಟ್ಟು ಸಂಗೀತಕ್ಕೆ ಬಂದರು. 1909ರಲ್ಲಿ ಮದುವೆಯಾದ ಹೊಸದರಲ್ಲಿ ಹೆಂಡತಿಯ ಜೊತೆ ಭಾರತಕ್ಕೆ ಬಂದು ಸುತ್ತಾಡಿದರು. ಆಮೇಲೆ ಚಿತ್ತೋಡದ ಪದ್ಮಾವತಿಯ ಕಥೆಯ ಮೇಲೆ ಒಂದು ಆಪೆರಾನೇ ಬರೆದರು. 1924ರಲ್ಲಿ ಫ್ಲೂಟ್ ಮತ್ತು ಪಿಯಾನೊಗೆ ನಾಲ್ಕು ಪುಟ್ಟ ತುಣುಕು ಬರೆದರು, ಓಪಸ್ (ಕೃತಿಸಂಖ್ಯೆ) 27. ಹೆಸರು ‘ಕೊಳಲು ನುಡಿಸುವವರು’. ಒಬ್ಬೊಬ್ಬ ಕೊಳಲುಗಾರನಿಗೆ ಒಂದೊಂದು ತುಣುಕು. ಮೊದಲನೆಯದು ಗ್ರೀಕರ ದೇವರು ಪ್ಯಾನ್. ಎರಡನೆಯದು ವರ್ಜಿಲ್ ಕವಿತೆಯ ಕುರಿಗಾಹಿ. ಮೂರನೆಯದು ನಮ್ಮ ಕೃಷ್ಣ. ನಾಲ್ಕನೆಯವನು ಒಂದು ಫ್ರೆಂಚ್ ಕಾದಂಬರಿಯ ಪಾತ್ರ. ನಾಲ್ಕನ್ನೂ ಆ ಕಾಲದ ನಾಲ್ವರು ಫ್ಲೂಟ್ ವಾದಕರಿಗೆ ಅರ್ಪಿಸಿದ್ದಾರೆ. ಕೃಷ್ಣ ಹೋಗಿದ್ದು ಲೂಯಿ ಫ್ಲೂರಿ ಅವರಿಗೆ.

ಆ ‘ಕೃಷ್ಣ’ದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ರೂಸೆಲ್ ಅದರಲ್ಲಿ ಹಿಂದೂಸ್ತಾನಿಯ ಶ್ರೀ ರಾಗದ ಸ್ವರಗಳನ್ನು ತಗೊಂಡಿದ್ದಾರೆ. ಕೋಮಲ ರಿಷಭ, ತೀವ್ರ ಮಧ್ಯಮ, ಕೋಮಲ ಧೈವತ. ಕರ್ನಾಟಕ ಸಂಗೀತದ ಶ್ರೀ ರಾಗ ಬೇರೆ, ಅದನ್ನು ನೆನಪಿಟ್ಟುಕೊಂಡು ಕೇಳಿದರೆ ತಾಳೆ ಆಗುವುದಿಲ್ಲ. ಲಯ ಏಳರದ್ದು. ಪುಟದ ಮೇಲೆ ಏಳು ಬೈ ಎಂಟು ಅಂತ ನೋಡಿ ಅಣ್ಣನ ಮಗಳು ಒಂದು, ಎರಡು ಅಂತ ಎಣಿಸುತ್ತಾ ಕೂತಿದ್ದಳು. ನಾನು ತೊಡೆಯ ಮೇಲೆ ರೂಪಕ್ ತಾಳದ ಹಾಗೆ ಮೂರು-ಎರಡು-ಎರಡು ಹಾಕಿ ತೋರಿಸಿದೆ. ‘ಅತ್ತೆ, ಇದು ನಂಗೆ ಗೊತ್ತಿರೋದೇ’ ಅಂದಳು. ತಬಲಾ ಕ್ಲಾಸಿನ ಪಕ್ಕದ ಮನೆಯಲ್ಲೇ ಬೆಳೆದವಳು, ಗೊತ್ತಿರದೆ ಏನು! ಅಂಥ ಎಷ್ಟೋ ಮಕ್ಕಳಿಗೆ ಈ ತುಣುಕು ಪರಕೀಯ ಅನಿಸುವುದಿಲ್ಲ.

ಇದನ್ನು ರಾಗ ಅಂತ ತಿಳಿದು ನುಡಿಸಬೇಡಿ. ಪಿಯಾನೊದಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಕೋಮಲ ರಿಷಭವನ್ನು ಇನ್ನೂ ಸ್ವಲ್ಪ ಇಳಿಸಿ ಹಿಡಿಯಲು ಆಗುವುದಿಲ್ಲ. ಜೊತೆಗೆ ಕಾರ್ಡುಗಳು ಇವೆ. ಒಬ್ಬ ಫ್ರೆಂಚ್ ಸಂಗೀತಗಾರ ದೂರದಿಂದ ಕೇಳಿ, ಗೌರವದಿಂದ ತನ್ನ ಭಾಷೆಯಲ್ಲಿ ಹೇಳಿದ್ದು ಅದು. ಹಾಗೆ ನೋಡಿದರೆ ಬಹಳ ಚೆನ್ನಾಗಿದೆ. ಪಿಯಾನೊದವರು ಇಲ್ಲಿ ಮೆಲ್ಲಗೆ ನುಡಿಸಬೇಕು, ಪೆಡಲ್ ಮೇಲೆ ಕಾಲಿಟ್ಟು ಮರೆಯಬಾರದು. ತೀವ್ರ ಮಧ್ಯಮ ಮತ್ತು ಪಂಚಮ ಒಂದೇ ಪೆಡಲಿನಲ್ಲಿ ಬೆರೆತರೆ ಎಲ್ಲ ಕಲಸಿಹೋಗುತ್ತದೆ.

ಎರಡನೆಯವರು ಮೆಲ್ ಬೊನಿಸ್. ಇವರ ಹೆಸರನ್ನು ನಾನು ಈ ವೆಬ್‌ಸೈಟಿನಲ್ಲೇ ಮೊದಲು ನೋಡಿದ್ದು. ಪೂರ್ತಿ ಹೆಸರು ಮೆಲನಿ. 1858ರಲ್ಲಿ ಹುಟ್ಟಿದವರು. ಹೆಂಗಸು ಬರೆದದ್ದು ಅಂತ ಗೊತ್ತಾದರೆ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ ಅಂತ ‘ಮೆಲ್’ ಅಂತಷ್ಟೇ ಅಚ್ಚು ಹಾಕಿಸಿದರು. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಡೆಬ್ಯುಸಿ ಓದಿದ ಕಾಲದಲ್ಲೇ ಓದಿದವರು. ಮನೆಯವರು ಅರ್ಧಕ್ಕೆ ಬಿಡಿಸಿ ಒಬ್ಬ ಉದ್ಯಮಿಗೆ ಮದುವೆ ಮಾಡಿಕೊಟ್ಟರು. ಮನೆ, ಮಕ್ಕಳು ಅಂತ ವರ್ಷಗಳು ಕಳೆದ ಮೇಲೆ ಮತ್ತೆ ಬರೆಯಲು ಕೂತರು. ಫ್ಲೂಟ್ ಸೊನಾಟಾ, ಓಪಸ್ 64, ಬರೆದದ್ದು 1904ರಲ್ಲಿ.

ನಾಲ್ಕು ಭಾಗಗಳ ಕೃತಿ. ಸಿ ಶಾರ್ಪ್ ಮೈನರ್, ಅಂದರೆ ಪ್ರತಿ ಸಾಲಿಗೂ ನಾಲ್ಕು ಶಾರ್ಪ್. ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದವರು ಬರೆದದ್ದು ಅಂತ ಮೊದಲ ಪುಟದಲ್ಲೇ ಕೈಗೆ ತಿಳಿಯುತ್ತದೆ. ಕಷ್ಟ ಇದೆ, ಆದರೆ ಬೆರಳಿಗೆ ವಿರುದ್ಧ ಹೋಗುವ ಕಷ್ಟ ಅಲ್ಲ. ಫ್ಲೂಟ್ ಹೇಳಿದ ಸಾಲನ್ನು ಪಿಯಾನೊ ಎತ್ತಿಕೊಂಡು ಮುಂದಕ್ಕೆ ಒಯ್ಯುತ್ತದೆ. ಎರಡನೇ ಭಾಗ ಸ್ಕೆರ್ಜೊ ಚುರುಕು, ಅದನ್ನು ನಾವು ಇನ್ನೂ ನಿಧಾನಕ್ಕೇ ನುಡಿಸುತ್ತಿದ್ದೇವೆ. ಮೂರನೆಯದು ಅಡಾಜಿಯೊ, ನಿಧಾನದ ಭಾಗ. ನನ್ನ ಮಟ್ಟಿಗೆ ಹೇಳುವುದಾದರೆ, ಫ್ಲೂಟ್ ಸಂಗೀತದಲ್ಲಿ ಇದಕ್ಕಿಂತ ಮನಸ್ಸಿಗೆ ಹತ್ತಿರವಾದದ್ದು ನನಗೆ ಸಿಕ್ಕಿಲ್ಲ. ಇಂಥವರ ಹೆಸರು ಇಷ್ಟು ವರ್ಷ ಮೂಲೆಗೆ ಬಿದ್ದಿತ್ತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಲಿಲಿ ಬೂಲಾಂಜೆ ಅವರದ್ದೂ ಹೇಳಲೇಬೇಕು. 1913ರಲ್ಲಿ ಪ್ರಿ ದ ರೋಮ್ ಸಂಗೀತ ಬಹುಮಾನ ಗೆದ್ದ ಮೊದಲ ಹೆಂಗಸು. 1918ರಲ್ಲಿ ತೀರಿಕೊಂಡಾಗ ಬರೀ 24 ವರ್ಷ. ವಸಂತದ ಒಂದು ಬೆಳಗಿನ ಮೇಲೆ ಬರೆದ ಪುಟ್ಟ ಕೃತಿ ಅವರ ಕೊನೆಕೊನೆಯದು. ಐದು ನಿಮಿಷ ಹಿಡಿಯುತ್ತದೆ. ಪಿಯಾನೊದ ಚುಟುಕು ಕಾರ್ಡುಗಳ ಮೇಲೆ ಫ್ಲೂಟ್ ಜಿಗಿದುಕೊಂಡು ಹೋಗುತ್ತದೆ. ಅಷ್ಟು ಕಾಯಿಲೆಯಲ್ಲಿ ಇಷ್ಟು ಲವಲವಿಕೆಯದ್ದನ್ನು ಬರೆದರಲ್ಲ!

ಪಿಯಾನೊದವರಿಗೆ ಖುಷಿ ಕೊಡುವ ಇನ್ನೊಂದು ಬೇಥೋವನ್ ಅವರ ಓಪಸ್ 105 ಮತ್ತು 107. ಬೇಥೋವನ್ ಹೆಸರು ಕೇಳದವರಿಲ್ಲ, ಇವನ್ನು ನುಡಿಸುವವರು ಕಡಿಮೆ. ಎಡಿನ್‌ಬರೋದ ಜಾರ್ಜ್ ಥಾಮ್ಸನ್ ಅನ್ನುವ ಪ್ರಕಾಶಕರು ಕೇಳಿದ್ದಕ್ಕೆ ಜನಪದ ಧಾಟಿಗಳನ್ನು ಬಗೆಬಗೆಯಾಗಿ ಬದಲಿಸುತ್ತಾ ಬರೆದ ವೇರಿಯೇಶನ್‌ಗಳು. 105ರಲ್ಲಿ ಆರು, 107ರಲ್ಲಿ ಹತ್ತು. ಇಲ್ಲಿ ಪಿಯಾನೊನೇ ಯಜಮಾನ, ಫ್ಲೂಟ್ ಬೇಕಾದರೆ ಇರಲಿ ಅಂತ ಸೇರಿಸಿದ್ದು. ಮನೆಯಲ್ಲಿ ನುಡಿಸುವವರಿಗೆ ಸುಲಭವಾಗಿರಲಿ ಅಂತ ಥಾಮ್ಸನ್ ಕೇಳಿದ್ದರು. ಎಲ್ಲವೂ ಸುಲಭ ಆಗಿಲ್ಲ, ಆದರೆ ಫ್ಲೂಟ್ ಕಲಿತು ಎರಡು ಮೂರು ವರ್ಷ ಆದವರು ಕೂಡ ಕೆಲವನ್ನು ಹಿಡಿಯಬಹುದು. ಮಗುವಿಗೆ ಸುಲಭ, ಪಿಯಾನೊ ಟೀಚರಿಗೆ ಕೈತುಂಬ ಕೆಲಸ. ಇಂಥ ಜೋಡಿಗೆ ಹೇಳಿ ಮಾಡಿಸಿದ್ದು.

ರೈನೆಕೆ ಅವರ ‘ಉಂಡೀನೆ’ ಸೊನಾಟಾ, 1882ರದ್ದು, ಫ್ಲೂಟಿನವರಿಗೆ ಗೊತ್ತಿರುತ್ತದೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಅದರ ಎರಡನೇ ಭಾಗದಲ್ಲಿ ಫ್ಲೂಟನ್ನು ಪಿಯಾನೊ ಅಟ್ಟಿಸಿಕೊಂಡು ಹೋಗುವ ಆಟ ಇದೆ. ಇಬ್ಬರಲ್ಲಿ ಒಬ್ಬರು ಒಂದು ಚೂರು ತಡವಾದರೂ ಆಟ ಕೆಡುತ್ತದೆ. ಡೊನಿಜೆಟ್ಟಿ ಅವರ 1819ರ ಸೊನಾಟಾ ಚಿಕ್ಕದು, ಇಂಪಾಗಿದೆ, ಪಿಯಾನೊಗೆ ಅಷ್ಟೇನೂ ಇಲ್ಲ. ಶೂಬರ್ಟ್ ಅವರ ‘ಒಣಗಿದ ಹೂಗಳು’ ವೇರಿಯೇಶನ್‌ಗಳಲ್ಲಿ ಪಿಯಾನೊಗೆ ಇರುವ ಕೆಲಸ ನೋಡಿದರೆ ಬೆವರು ಬರುತ್ತದೆ, ಅದನ್ನು ನಾವು ಸದ್ಯಕ್ಕೆ ಮುಟ್ಟಿಲ್ಲ.

ಇನ್ನು ಪ್ರಿಂಟ್. ಬೇಸರವಾಗುವುದು ಇಲ್ಲೇ. ವೆಬ್‌ಸೈಟಿನಲ್ಲಿರುವ ಹಳೆಯ ಫ್ರೆಂಚ್ ಪುಸ್ತಕಗಳು ಎ4ಗಿಂತ ದೊಡ್ಡ ಹಾಳೆಯವು. ಎ4ನಲ್ಲಿ ಪ್ರಿಂಟ್ ಹಾಕಿಸಿದರೆ ಸ್ವರಗಳು ಸಾಸಿವೆ ಕಾಳಿನಷ್ಟಾಗುತ್ತವೆ. ಪಿಯಾನೊ ಸ್ಕೋರಿನಲ್ಲಿ ಫ್ಲೂಟಿನ ಸಾಲು ಮೇಲೆ ಇನ್ನೂ ಸಣ್ಣಗೆ ಅಚ್ಚಾಗಿರುತ್ತದೆ, ಅದಂತೂ ಕಾಣುವುದೇ ಇಲ್ಲ. ನಾನು ಪಿಯಾನೊ ಸ್ಕೋರನ್ನು ಎ3 ಹಾಳೆಯಲ್ಲಿ ದೊಡ್ಡದಾಗಿ ಹಾಕಿಸುತ್ತೇನೆ, ಒಂದು ಬದಿಗೆ ಒಂದೇ ಪುಟ. ಸ್ಕ್ಯಾನ್ ಹಿಂದೆ ಬೂದು ಬಣ್ಣ ಇದ್ದರೆ ಗ್ರೇಸ್ಕೇಲ್ ಬೇಡ, ಬರೀ ಬ್ಲ್ಯಾಕ್ ಅಂಡ್ ವೈಟ್ ಹಾಕಿ ಅಂತ ಹೇಳಿ. ಇಲ್ಲದಿದ್ದರೆ ಪುಟವೆಲ್ಲ ಮಸಿ. ಕಾಗದ 100 ಜಿಎಸ್‌ಎಂ ಕೇಳಿ, ತೆಳು ಕಾಗದದಲ್ಲಿ ಹಿಂದಿನ ಪುಟದ ಸ್ವರಗಳು ಇಣುಕುತ್ತವೆ. ರಾಯಲ್ ಸರ್ಕಲ್ ಕಡೆ ನಾನು ಹೋಗುವ ಜೆರಾಕ್ಸ್ ಅಂಗಡಿಯ ಹುಡುಗ ಕಾಲೇಜು ಮಕ್ಕಳ ಪ್ರಾಜೆಕ್ಟ್ ಬೈಂಡ್ ಮಾಡಿ ಪಳಗಿದವನು. ಮೊದಲು ಒಂದು ಪುಟ ತೆಗೆದು ತೋರಿಸಿ, ನಾನು ಹೂಂ ಅಂದ ಮೇಲೇ ಉಳಿದದ್ದನ್ನು ಹಾಕುತ್ತಾನೆ. ಫ್ಲೂಟ್ ಪಾರ್ಟ್, ಅಂದರೆ ಫ್ಲೂಟಿನವರು ನೋಡಿ ನುಡಿಸುವ ಪುಟಗಳಿಗೆ ಸ್ಪೈರಲ್ ಬೇಡ, ಬಿಡಿ ಹಾಳೆಗಳನ್ನು ಪಕ್ಕಪಕ್ಕ ಅಂಟಿಸಿಕೊಂಡರೆ ನಡುವೆ ಕೈ ಬಿಡಬೇಕಾಗಿಲ್ಲ. ಬಟ್ಟೆ ಕ್ಲಿಪ್ ಹಾಕಿಕೊಳ್ಳಿ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ನುಡಿಸಲು ಆಗುತ್ತದಾ?

ಬಿಸಿಲಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗಾಳಿ ಬಿಸಿಯಾದಷ್ಟೂ ಫ್ಲೂಟಿನ ಶ್ರುತಿ ಏರುತ್ತದೆ. ಡಿಜಿಟಲ್ ಪಿಯಾನೊ 440 ಹರ್ಟ್ಸ್ ಶ್ರುತಿಯಲ್ಲೇ ಕೂತಿರುತ್ತದೆ. ಅಣ್ಣನ ಮಗಳು ಫ್ಲೂಟಿನ ಬಾಯಿಯ ಕಡೆಯ ತುಂಡು, ಅಂದರೆ ಹೆಡ್ ಜಾಯಿಂಟ್ ಎಳೆದು ಎಳೆದು ಸಾಕಾದ ಮೇಲೆ ನಾನು ಪಿಯಾನೊದ ಟ್ಯೂನಿಂಗನ್ನು 442ಕ್ಕೆ ಏರಿಸುತ್ತೇನೆ. ಮಾಮೂಲಿ ಪಿಯಾನೊ ಇದ್ದವರಿಗೆ ಈ ಅನುಕೂಲ ಇಲ್ಲ.

ವೆಬ್‌ಸೈಟಿನ ಒಂದು ದೊಡ್ಡ ತೊಡಕು ಅಂದರೆ ಕೆಲವು ಕೃತಿಗಳಿಗೆ ಪಿಯಾನೊ ಸ್ಕೋರ್ ಮಾತ್ರ ಇರುತ್ತದೆ, ಫ್ಲೂಟ್ ಪಾರ್ಟ್ ಇರುವುದಿಲ್ಲ. ಇನ್ನು ಕೆಲವಕ್ಕೆ ಎರಡೂ ಇದ್ದರೂ ಬೇರೆ ಬೇರೆ ಮುದ್ರಣದವು. ಒಂದರಲ್ಲಿ ರಿಹರ್ಸಲ್ ಅಕ್ಷರ (ಅಭ್ಯಾಸದ ಗುರುತಿಗೆ ಹಾಕುವ ಎ, ಬಿ, ಸಿ) ಇದ್ದರೆ ಇನ್ನೊಂದರಲ್ಲಿ ಇಲ್ಲ. ‘ಬಿ ಇಂದ ಶುರು ಮಾಡೋಣ’ ಅಂದರೆ ಅವಳ ಪುಟದಲ್ಲಿ ಬಿ ಇಲ್ಲ! ಆಗ ಇಬ್ಬರೂ ಪೆನ್ಸಿಲ್ ಹಿಡಿದು ಪುಟದಲ್ಲಿರುವ ತಾಳದ ಮನೆಗಳಿಗೆ, ಅಂದರೆ ಬಾರ್‌ಗಳಿಗೆ ನಂಬರ್ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಮುಂದೆ ಸುಖ. ದುಡ್ಡು ಕೊಟ್ಟು ತರಿಸಿದರೆ ಈ ಗೋಳು ಇರುವುದಿಲ್ಲ ಅಂತಲೂ ಹೇಳಲಾರೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ ಪುಸ್ತಕದೊಳಗೆ ಫ್ಲೂಟ್ ಪಾರ್ಟೇ ಇರಲಿಲ್ಲ, ಕೇಳಿದರೆ ಉತ್ತರವೂ ಬರಲಿಲ್ಲ. ಆದರೂ ಒಂದು ಕೃತಿಯನ್ನು ವರ್ಷಗಟ್ಟಲೆ ನುಡಿಸುತ್ತೀರಿ ಅಂತಾದರೆ ಹೆನ್ಲೆ ಅಥವಾ ಬೇರೆನ್‌ರೈಟರ್ ಮುದ್ರಣ ಕೊಳ್ಳಿ. ಅಚ್ಚು ಸ್ಪಷ್ಟ, ಕಾಗದ ಗಟ್ಟಿ, ಪುಟ ತಿರುಗಿಸುವ ಜಾಗವನ್ನೂ ಯೋಚಿಸಿ ಇಟ್ಟಿರುತ್ತಾರೆ.

ಹೊಸದಾಗಿ ಶುರು ಮಾಡುವ ಜೋಡಿ ಕೇಳಿದರೆ ಮೊದಲು ಫಿಲಿಪ್ ಗೊಬೇರ್ ಅವರ 1908ರ ‘ಮಾಡ್ರಿಗಲ್’ ಇಳಿಸಿಕೊಳ್ಳಿ ಅನ್ನುತ್ತೇನೆ. ಫ್ಲೂಟಿಗೆ ಉದ್ದ ಉಸಿರು ಬೇಕು, ಬೆರಳಿನ ಗಡಿಬಿಡಿ ಕಡಿಮೆ. ಆಮೇಲೆ ‘ಕೃಷ್ಣ’. ಕೈ ಕೂಡಿದ ಮೇಲೆ ಬೊನಿಸ್ ಅವರ ಅಡಾಜಿಯೊ ಒಂದನ್ನೇ ತೆಗೆದು ನುಡಿಸಬಹುದು, ನಾಲ್ಕೂ ಭಾಗ ಒಟ್ಟಿಗೆ ಆಗಬೇಕು ಅಂತೇನಿಲ್ಲ.

ನಮ್ಮದು ಮುಂದಿನದು ಕೂಲಾವ್. ಪಿಯಾನೊ ಕಲಿತವರೆಲ್ಲ ಅವರ ಸೊನಾಟಿನಾ ನುಡಿಸಿಯೇ ಬಂದಿರುತ್ತಾರೆ. ಅದೇ ಮನುಷ್ಯ ಫ್ಲೂಟಿಗೆ ರಾಶಿಗಟ್ಟಲೆ ಬರೆದಿದ್ದಾರೆ ಅಂತ ಎಷ್ಟೋ ಪಿಯಾನೊದವರಿಗೆ ಗೊತ್ತಿಲ್ಲ. ಓಪಸ್ 83ರಲ್ಲಿ ಮೂರು ಸೊನಾಟಾ ಇವೆ. ಮೊದಲನೆಯದನ್ನು ಇಳಿಸಿ, ಫ್ಲೂಟ್ ಪಾರ್ಟ್ ಬೇರೆ ಇದೆಯಾ ಅಂತ ನೋಡಿಕೊಂಡು, ಎ3 ಪ್ರಿಂಟಿಗೆ ಕೊಟ್ಟಿದ್ದೇನೆ.